ರೌಂಡ್ ಆಫ್ ಯಾವಾಗಲೂ ಮೇಲಕ್ಕೇ ಯಾಕೆ? ಚಿಲ್ಲರೆ ಬಗ್ಗೆಯೂ ಒಂದು ಪ್ರಶ್ನೆ

ಸಂಘದ ಲೆಕ್ಕ (ಶಿವಮೊಗ್ಗ)

ನಮಸ್ಕಾರ. ವಿನೋಬನಗರದಲ್ಲಿ ನಾವು ಕೆಲವು ಹೆಂಗಸರು ಸೇರಿ ಚಕ್ಕುಲಿ, ಹಪ್ಪಳ ಮಾಡಿ ಮಾರುತ್ತೇವೆ. ಸಂಘಕ್ಕೆ ಸಾಮಾನು ತರುವುದು, ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಹಾಗಾಗಿ ಒಂದು ಬಿಲ್ಲನ್ನೂ ಬಿಸಾಡುವುದಿಲ್ಲ. ಈ ನಯವಾದ ಕಾಗದದ ಅಕ್ಷರ ಬೇಗ ಮಾಸಿ ಹೋಗುತ್ತದೆ, ಅದಕ್ಕೆ ಜೆರಾಕ್ಸ್ ಮಾಡಿಸಿ ಪುಸ್ತಕಕ್ಕೆ ಅಂಟಿಸುತ್ತೇನೆ.

ಅಂಟಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸವಳಂಗ ರಸ್ತೆ ಕಡೆಯ ಒಂದು ಸೂಪರ್ ಮಾರ್ಕೆಟ್, ಹೆಸರು ಬೇಡ. ಬಿಲ್ 612.15 ಆದರೆ ರೌಂಡ್ ಆಫ್ ಅಂತ 85 ಪೈಸೆ ಸೇರಿಸಿ 613 ಮಾಡುತ್ತಾರೆ. 487.30 ಆದರೆ 488. ಕೆಳಗೆ ಇಳಿದ ಬಿಲ್ ಒಂದೂ ಇಲ್ಲ. ಫೋನಿನಲ್ಲಿ ದುಡ್ಡು ಕಟ್ಟಿದ ದಿನವೂ ಹಾಗೇ. ಯುಪಿಐನಲ್ಲಿ ಪೈಸೆ ಸಮೇತ ಕಳಿಸಬಹುದಲ್ವಾ? ಆಗ ರೌಂಡ್ ಮಾಡುವ ಅಗತ್ಯವಾದರೂ ಏನು?

ಇನ್ನೊಂದು, ಸೋಪಿನ ಕವರ್ ಮೇಲೆ 52 ರೂಪಾಯಿ ಇತ್ತು, ಬಿಲ್ಲಿನಲ್ಲಿ 59. ಕೌಂಟರಿನ ಹುಡುಗಿಯನ್ನು ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೇ ಬರ್ತಿದೆ ಆಂಟಿ" ಅಂದಳು.

ಮೂರನೆಯದೇ ನನಗೆ ಹೆಚ್ಚು ತಲೆಬಿಸಿ. 447 ರೂಪಾಯಿ ಬಿಲ್ಲಿಗೆ 500ರ ನೋಟು ಕೊಟ್ಟೆ. ಐವತ್ತರ ಒಂದು ನೋಟು, ಎರಡು ಚಾಕೊಲೇಟ್ ವಾಪಸ್ ಬಂತು. ಬಿಲ್ಲಿನಲ್ಲಿ ಮಾತ್ರ "ಕ್ಯಾಶ್ 447, ಬ್ಯಾಲೆನ್ಸ್ 0" ಅಂತ ಇದೆ. ಪುಸ್ತಕದಲ್ಲಿ ಖರ್ಚು 447, ಡಬ್ಬಿಯಲ್ಲಿ ಮೂರು ರೂಪಾಯಿ ಕಮ್ಮಿ. ತಿಂಗಳ ಕೊನೆಗೆ ಎಲ್ಲರ ಮುಂದೆ ಲೆಕ್ಕ ಓದಬೇಕಾದವಳು ನಾನು.

ಇದರಲ್ಲಿ ಹುಡುಗಿಯ ಪಾಲೆಷ್ಟು, ಕಂಪ್ಯೂಟರಿನ ಪಾಲೆಷ್ಟು, ಮಾಲೀಕರ ಪಾಲೆಷ್ಟು? ತಿಳಿದವರು ಹೇಳಿ. ಅವಳು ಹೊಸನಗರ ಕಡೆಯವಳು, ಪಿಜಿಯಲ್ಲಿದ್ದು ದುಡಿಯುತ್ತಿದ್ದಾಳೆ. ತಪ್ಪು ಅವಳದ್ದಲ್ಲದಿದ್ದರೆ ಸಾಲಿನಲ್ಲಿ ನಿಂತವರ ಎದುರು ಅವಳನ್ನು ಜೋರು ಮಾಡುವುದಕ್ಕೆ ನನಗೆ ಮನಸ್ಸಿಲ್ಲ.

ಗಲ್ಲಾದವ (ಸಾಗರ)

ಅಕ್ಕ, ನಾನು ಮೊದಲು ಇಂಥದೇ ಅಂಗಡಿಯಲ್ಲಿ ಕ್ಯಾಶಿಯರ್ ಆಗಿದ್ದೆ. ಈಗ ಸ್ವಂತ ದಿನಸಿ ಅಂಗಡಿ ಇದೆ. ಎರಡೂ ಕಡೆಯಿಂದ ನೋಡಿದವನು, ಅದಕ್ಕೇ ಬರೆಯುತ್ತಿದ್ದೇನೆ.

ರೌಂಡ್ ಆಫ್ ಸಾಮಾನ್ಯವಾಗಿ ಕ್ಯಾಶಿಯರ್ ಕೈಯಲ್ಲಿ ಇರುವುದಿಲ್ಲ. ಅದು ಸಾಫ್ಟ್‌ವೇರಿನ ಒಂದು ಸೆಟ್ಟಿಂಗ್. ಅಂಗಡಿಗಳ ಲೆಕ್ಕಕ್ಕೆ ಬಳಸುವ ಟ್ಯಾಲಿ ಸಾಫ್ಟ್‌ವೇರಿನಲ್ಲೇ ಮೂರು ಆಯ್ಕೆ ಇದೆ: ಹತ್ತಿರದ ರೂಪಾಯಿಗೆ, ಯಾವಾಗಲೂ ಮೇಲಕ್ಕೆ, ಯಾವಾಗಲೂ ಕೆಳಕ್ಕೆ. 612.15 ಹೋಗಿ 613 ಆಗಿದೆ ಅಂದರೆ ಮೇಲಕ್ಕೆ ಅಂತ ಇಟ್ಟಿದ್ದಾರೆ. ಇಟ್ಟವರು ಮಾಲೀಕರು, ಇಲ್ಲವೇ ಸಾಫ್ಟ್‌ವೇರ್ ಹಾಕಿಕೊಟ್ಟವರು. ಆ ಹುಡುಗಿಗೆ ಆ ಪುಟ ತೆರೆಯುವ ಪಾಸ್‌ವರ್ಡ್ ಕೂಡ ಕೊಟ್ಟಿರಲಿಕ್ಕಿಲ್ಲ.

ಸೋಪಿನ ವಿಷಯ. ಸೋಪಿನ ಬಾರ್‌ಕೋಡಿನಲ್ಲಿ ಬೆಲೆ ಇರುವುದಿಲ್ಲ. 890ರಿಂದ ಶುರುವಾಗುವ ಆ ನಂಬರು ಇದು ಯಾವ ಸಾಮಾನು ಅಂತ ಮಾತ್ರ ಹೇಳುತ್ತದೆ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಹಳೇ ಎಂಆರ್‌ಪಿ, ಹೊಸ ಎಂಆರ್‌ಪಿ ಎರಡೂ ಸ್ಟಾಕ್ ಇದ್ದರೆ ಸ್ಕ್ಯಾನರ್ ಬೀಪ್ ಅಂದ ಕೂಡಲೇ ಪರದೆ ಮೇಲೆ ಸಣ್ಣ ಪಟ್ಟಿ ತೆರೆಯುತ್ತದೆ. ಮೇಲೆ 59, ಕೆಳಗೆ 52. ಮೇಲಿನ ಸಾಲು ಮೊದಲೇ ಆಯ್ಕೆಯಾಗಿರುತ್ತದೆ. ಕವರ್ ತಿರುಗಿಸಿ ಬೆಲೆ ನೋಡಿ, ಬಾಣದ ಕೀ ಒತ್ತಿ ಕೆಳಗಿನದಕ್ಕೆ ಇಳಿದು, ಆಮೇಲೆ ಎಂಟರ್ ಕೊಡಬೇಕು. ಸಂಜೆ ಆರೂವರೆಗೆ ಹಿಂದೆ ಟ್ರಾಲಿ ಹಿಡಿದು ಜನ ನಿಂತಿರುವಾಗ ಬೆರಳು ಸೀದಾ ಎಂಟರ್‌ಗೇ ಹೋಗುತ್ತದೆ. ಹೊಸ ಬೆಲೆಯನ್ನು ಕಂಪ್ಯೂಟರಿಗೆ ಏರಿಸಿಯೇ ಇಲ್ಲದಿದ್ದರೆ ಪಟ್ಟಿಯೂ ಬರುವುದಿಲ್ಲ, ಬರೀ 59 ಬರುತ್ತದೆ.

"ಕ್ಯಾಶ್ 447" ಬಂದದ್ದೂ ಹೀಗೇ. ಗಿರಾಕಿ ಕೊಟ್ಟ ಹಣ ಟೈಪ್ ಮಾಡದೆ ಎಂಟರ್ ಒತ್ತಿದರೆ ಬಿಲ್ಲಿನ ಮೊತ್ತವೇ ಅಲ್ಲಿ ಬಂದು ಕೂರುತ್ತದೆ. ನೀವು ಎಷ್ಟರ ನೋಟು ಕೊಟ್ಟಿರಿ ಅನ್ನುವುದಕ್ಕೆ ಆ ಬಿಲ್ ಸಾಕ್ಷಿ ಅಲ್ಲ. ನನಗೆ ಕೆಲಸ ಕಲಿಸಿದವರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ನೋಟು ತಗೊಂಡ ಕೂಡಲೇ "ಐನೂರು" ಅಂತ ಬಾಯಿಬಿಟ್ಟು ಹೇಳಬೇಕು. ಗಲ್ಲಾದೊಳಗೆ ಹಾಕದೆ ಸ್ಟೇಪ್ಲರ್ ಕೆಳಗೆ ಇಡಬೇಕು. ಚಿಲ್ಲರೆಯನ್ನು ಬಿಲ್ಲಿನ ಮೊತ್ತದಿಂದ ಮೇಲಕ್ಕೆ ಎಣಿಸಬೇಕು: ನಾನೂರ ನಲವತ್ತೇಳು, ಮೂರು ಕೊಟ್ಟರೆ ನಾನೂರ ಐವತ್ತು, ಐವತ್ತು ಕೊಟ್ಟರೆ ಐನೂರು. ಗಿರಾಕಿ ಎಣಿಸಿ ತಲೆ ಆಡಿಸಿದ ಮೇಲೆಯೇ ನೋಟು ಒಳಗೆ. ಇನ್ನೂರು ಕೊಟ್ಟೆ, ಐನೂರು ಕೊಟ್ಟೆ ಅನ್ನುವ ಜಗಳ ಹಾಗೆ ಮಾಡಿದಲ್ಲಿ ಬರುವುದೇ ಇಲ್ಲ.

ಚಾಕೊಲೇಟ್ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ನಾನಿದ್ದ ಅಂಗಡಿಯಲ್ಲಿ ಬೆಳಗ್ಗೆ ಗಲ್ಲಾಕ್ಕೆ ಒಂದು ಹಿಡಿ ನಾಣ್ಯ ಕೊಡುತ್ತಿದ್ದರು, ಹನ್ನೊಂದು ಗಂಟೆಗೆ ಖಾಲಿ. ರಾತ್ರಿ ಎಣಿಸುವಾಗ ಕಮ್ಮಿ ಬಂದರೆ ನಮ್ಮ ಸಂಬಳದಲ್ಲಿ ಕಟ್, ಜಾಸ್ತಿ ಬಂದರೆ ಮಾಲೀಕರಿಗೆ. ಚಾಕೊಲೇಟ್ ಡಬ್ಬಿ ಗಲ್ಲಾದ ಪಕ್ಕ ತಂದಿಟ್ಟವರೂ ಅವರೇ. ಈಗ ನಾನು ದೇವಸ್ಥಾನದವರಿಂದ, ಬಸ್ ಕಂಡಕ್ಟರುಗಳಿಂದ ಕೇಳಿ ನಾಣ್ಯ ತರುತ್ತೇನೆ. ಮನಸ್ಸಿದ್ದರೆ ಚಿಲ್ಲರೆ ಸಿಗುತ್ತದೆ ಅಕ್ಕ.

ಟ್ಯಾಕ್ಸ್ ಕೆಲಸ (ಭದ್ರಾವತಿ)

ಮೇಡಂ, ಸೋಪಿನ 59 ಮತ್ತು 52ರ ಹಿಂದೆ ಜಿಎಸ್‌ಟಿ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಶಾಂಪೂ, ಬಿಸ್ಕೆಟ್ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. 59ರಲ್ಲಿ ಹಳೇ ತೆರಿಗೆ 9 ರೂಪಾಯಿ ತೆಗೆದರೆ ಉಳಿಯುವುದು 50. ಅದಕ್ಕೆ ಶೇ. 5 ಸೇರಿಸಿದರೆ 52.50. ಲೆಕ್ಕ ಸರಿಯಾಗಿ ಕೂರುತ್ತದೆ ನೋಡಿ. ಕವರ್ ಮೇಲೆ 52 ಅಂತ ಇದ್ದರೆ 52ಕ್ಕಿಂತ ಒಂದು ರೂಪಾಯಿಯನ್ನೂ ಜಾಸ್ತಿ ತಗೊಳ್ಳುವಂತಿಲ್ಲ. ಎಂಆರ್‌ಪಿ ಅಂದರೆ ಎಲ್ಲಾ ತೆರಿಗೆ ಸೇರಿದ ಬೆಲೆ, 2011ರ ಪೊಟ್ಟಣ ಸಾಮಗ್ರಿ ನಿಯಮದಲ್ಲೇ ಇದೆ. "ಸಿಸ್ಟಮ್‌ನಲ್ಲಿ ಹಾಗೇ ಬರ್ತಿದೆ" ಅನ್ನುವುದು ಉತ್ತರ ಆಗುವುದಿಲ್ಲ.

ಬಿಲ್ಲಿನ ಕೆಳಗೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡು ಸಾಲು ಕಂಡರೆ ಗಾಬರಿ ಬೇಡ. 105ರ ಸಾಮಾನಿಗೆ 100, 2.50, 2.50 ಅಂತ ಬಿಡಿಸಿ ತೋರಿಸುತ್ತಾರೆ ಅಷ್ಟೇ. ಕೊನೆಗೆ ನೀವು ಕಟ್ಟಿದ್ದು 105 ಇರಬೇಕು. 110.25 ಆಗಿದ್ದರೆ ತೆರಿಗೆಯ ಮೇಲೆ ತೆರಿಗೆ ಹಾಕಿದ್ದಾರೆ ಅಂತ ಅರ್ಥ, ಆಗ ಬಿಡಬೇಡಿ.

ರೌಂಡ್ ಆಫ್‌ಗೆ ಜಿಎಸ್‌ಟಿ ಕಾಯ್ದೆಯ 170ನೇ ಕಲಂ ತೋರಿಸುವವರಿದ್ದಾರೆ. ಅದು ತೆರಿಗೆ, ಬಡ್ಡಿ, ದಂಡದ ಮೊತ್ತಕ್ಕೆ ಹೇಳಿದ್ದು. ಅಲ್ಲೂ 50 ಪೈಸೆ ಅಥವಾ ಮೇಲಿದ್ದರೆ ಮಾತ್ರ ಮೇಲಕ್ಕೆ, ಕಮ್ಮಿ ಇದ್ದರೆ ಬಿಡಬೇಕು. ವ್ಯಾಪಾರದಲ್ಲೂ ಅದೇ ರೂಢಿ. 15 ಪೈಸೆಯನ್ನು ಮೇಲಕ್ಕೆ ಎತ್ತಲು ಆ ಕಲಂ ಆಸರೆ ಆಗುವುದಿಲ್ಲ.

ಕುರುವಳ್ಳಿ (ತೀರ್ಥಹಳ್ಳಿ)

85 ಪೈಸೆಗೆ ಇಷ್ಟೆಲ್ಲಾ ಬೇಕಾ ಮಾರಾಯ್ರೆ? ಹಾಗಂತ ಚಿಲ್ಲರೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ ಹಿಂದೆ ಬರೆದು ಕೊಡುತ್ತಾರೆ, ಇಳಿಯುವಾಗ ಕೇಳಿ ತಗೊಳ್ಳುತ್ತೇವೆ. ಅಂಗಡಿಯಲ್ಲೂ ಬಿಲ್ ಹಿಂದೆ "3 ಬಾಕಿ" ಅಂತ ಬರೆಸಿ ಒಂದು ಸಹಿ ಹಾಕಿಸಿಕೊಳ್ಳಿ. ಮುಂದಿನ ಸಲ ಮುರಿದುಕೊಂಡರಾಯಿತು.

ಇನ್ನೊಂದು ಮಾತು. ಚಿಲ್ಲರೆ ಇಲ್ಲ ಅನ್ನುವ ಅಂಗಡಿಗಳಲ್ಲೇ ಹತ್ತರ ನಾಣ್ಯ ಕೊಟ್ಟರೆ "ಇದು ನಡೆಯಲ್ಲ" ಅನ್ನುತ್ತಾರೆ. 14 ವಿನ್ಯಾಸದ ಹತ್ತರ ನಾಣ್ಯಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಎಂಟಾಣೆಯೂ ಇನ್ನೂ ರದ್ದಾಗಿಲ್ಲ. 2011ರಲ್ಲಿ ರದ್ದಾದದ್ದು ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು.

ಸಂಘದ ಲೆಕ್ಕ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ. ಕುರುವಳ್ಳಿಯವರೇ, ನನ್ನ ಮನೆ ದುಡ್ಡಾಗಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಇದು ಹಿಟ್ಟು ನಾದಿ, ಒಲೆ ಮುಂದೆ ನಿಂತು ದುಡಿದವರ ದುಡ್ಡು. ಅದರಲ್ಲಿ 85 ಪೈಸೆ ಬಿಡಲು ನನಗೆ ಹಕ್ಕಿಲ್ಲ.

ಇವತ್ತು ಮಧ್ಯಾಹ್ನ, ಅಂಗಡಿ ಖಾಲಿ ಇರುವ ಹೊತ್ತು ನೋಡಿ ಸೋಪು, ಬಿಲ್ ಎರಡೂ ಹಿಡಿದು ಹೋದೆ. ಹುಡುಗಿಗೆ ಮೆಲ್ಲಗೆ "ಹಳೇ ರೇಟು, ಹೊಸ ರೇಟು ಅಂತ ಪಟ್ಟಿ ಬರುತ್ತಾ ನೋಡಮ್ಮ" ಅಂದೆ. ಅವಳೇ ಪರದೆ ನನ್ನ ಕಡೆ ತಿರುಗಿಸಿದಳು. ಪಟ್ಟಿ ಬರಲಿಲ್ಲ, ಬರೀ 59. ಹೊಸ ಬೆಲೆ ಏರಿಸಿಯೇ ಇರಲಿಲ್ಲ. ಮೇಲಿನವರನ್ನು ಕರೆದಳು, 7 ರೂಪಾಯಿ ವಾಪಸ್ ಬಂತು, ಅದೇ ಜಾತಿಯ ಉಳಿದ ಸೋಪುಗಳ ಬೆಲೆಯನ್ನೂ ಸರಿ ಮಾಡಿಸಿದರು.

ರೌಂಡ್ ಆಫ್‌ಗೆ ಮಾತ್ರ "ಎಲ್ಲಾ ಕಡೆ ಹಾಗೇ" ಅಂದರು. ಎಲ್ಲಾ ಕಡೆ ಹಾಗೆ ಇಲ್ಲ, ಗಾಂಧಿ ಬಜಾರಿನ ಅಂಗಡಿಯ ಬಿಲ್ಲುಗಳೂ ನನ್ನ ಪುಸ್ತಕದಲ್ಲಿವೆ, ಅಲ್ಲಿ ಕೆಳಗೂ ಇಳಿದಿದೆ. ಎರಡರ ಜೆರಾಕ್ಸನ್ನೂ ಮಾಲೀಕರಿಗೆ ಕೊಟ್ಟು ಬಂದಿದ್ದೇನೆ. ಬದಲಾಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.

ಉದ್ದಿನಬೇಳೆ ಚೀಟಿಯ ಬಾರ್‌ಕೋಡ್ 890 ಅಲ್ಲ, 2ರಿಂದ ಶುರುವಾಗುತ್ತದೆ. ಅದು ಏನು?

ಗಲ್ಲಾದವ (ಸಾಗರ)

ಅದು ಅಂಗಡಿಯಲ್ಲೇ ತೂಗಿ ಅಂಟಿಸುವ ಚೀಟಿ ಅಕ್ಕ. ಅದರ ನಂಬರಿನೊಳಗೆ ತೂಕ ಅಥವಾ ಬೆಲೆ ಸೇರಿರುತ್ತದೆ. ಬೆಲೆ ಸೇರಿಸಿದ್ದರೆ, ಬೇಳೆ ರೇಟು ಇಳಿದ ಮೇಲೂ ಹಳೇ ಚೀಟಿಯ ಪೊಟ್ಟಣ ಹಳೇ ರೇಟಿಗೇ ಬಿಲ್ ಆಗುತ್ತದೆ. ಚೀಟಿ ಮೇಲಿನ ತಾರೀಖು, ಕೆಜಿ ರೇಟು ಎರಡೂ ನೋಡಿ ತಗೊಳ್ಳಿ. ಹಳೆಯದಿದ್ದರೆ ಅಲ್ಲೇ ಮತ್ತೆ ತೂಗಿಸಿ. ತಟ್ಟೆ ಇಟ್ಟು ತೂಗಿದರೆ ಮೊದಲು ಟೇರ್ ಒತ್ತಿ ಸೊನ್ನೆ ಮಾಡಿದರಾ ಅಂತಲೂ ನೋಡಿ.