ಅಡಿಕೆ ಸಿಪ್ಪೆಯ ನಾರಿನಿಂದ ಬಟ್ಟೆ ನೇಯಬಹುದೇ?

ಪ್ರಶ್ನೆ: ತೋಟಿಗ, ಬದಿಯಡ್ಕ

ನಮ್ಮದು ಬದಿಯಡ್ಕದ ಸಮೀಪ ಸಣ್ಣ ಅಡಿಕೆ ತೋಟ. ಪ್ರತಿ ವರ್ಷ ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದು ಮುಗಿಯುವಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಸಿಪ್ಪೆಯ ರಾಶಿ ಆಳೆತ್ತರಕ್ಕೆ ಏರಿರುತ್ತದೆ. ಸ್ವಲ್ಪ ಬಚ್ಚಲೊಲೆಗೆ ಹೋಗುತ್ತದೆ, ಉಳಿದದ್ದನ್ನು ಮರಗಳ ಬುಡಕ್ಕೆ ಹಾಕುತ್ತೇವೆ. ಹಾಗೆ ಹಾಕಿದ್ದು ಒಂದು ಮಳೆಗಾಲ ಕಳೆದರೂ ಪೂರ್ತಿ ಕೊಳೆಯದೆ ನಾರುನಾರಾಗಿಯೇ ಬಿದ್ದಿರುತ್ತದೆ. ತೆಂಗಿನ ಸಿಪ್ಪೆಯಿಂದ ಹಗ್ಗ, ಚಾಪೆ ಆಗುವಾಗ ಇಷ್ಟು ಗಟ್ಟಿಯಾದ, ಅದೂ ಪುಕ್ಕಟೆ ಸಿಗುವ ಅಡಿಕೆಯ ನಾರು ಬಟ್ಟೆಗೆ ಯಾಕೆ ಬಾರದು ಎಂಬ ಪ್ರಶ್ನೆ ನನಗೆ ಹಳೆಯದು.

ಈ ಸಲ ಪ್ರಯೋಗ ಮಾಡಿಯೇ ನೋಡಿದೆ. ಸಿಪ್ಪೆಯನ್ನು ಇಪ್ಪತ್ತು ದಿನ ಕೆರೆಯ ನೀರಿನಲ್ಲಿ ನೆನೆಹಾಕಿ, ಬಡಿದು, ಬಾಚಿ ನಾರು ತೆಗೆದೆ. ಶಾಲೆಯಲ್ಲಿ ಕಲಿತ ತಕಲಿಯಿಂದ ನೂಲಲು ಕುಳಿತರೆ ಒಂದು ಗೇಣು ನೂಲು ಬರುವ ಮೊದಲೇ ಎಳೆಗಳು ಒಂದನ್ನೊಂದು ಬಿಟ್ಟು ಜಾರಿಹೋದವು. ಮೆತ್ತಗಾಗಲಿ ಎಂದು ಕಾಸ್ಟಿಕ್ ಸೋಡಾ ಹಾಕಿ ಕುದಿಸಿದೆ. ನಾರು ಅಂಬಲಿಯಂಥ ಮುದ್ದೆಯಾಯಿತು, ಅಲ್ಯುಮಿನಿಯಮ್ ಪಾತ್ರೆ ತೂತಾಯಿತು, ಮನೆಯಲ್ಲಿ ಎರಡು ದಿನ ನನ್ನೊಡನೆ ಮಾತಿರಲಿಲ್ಲ. ಇಷ್ಟಾದ ಮೇಲೂ ಸಂಶಯ ಬಿಟ್ಟಿಲ್ಲ, ಏಕೆಂದರೆ ಕಳೆದ ತಿಂಗಳು ಒಂದು ಮೇಳದಲ್ಲಿ ಬಾಳೆನಾರಿನದೆಂದು ಹೇಳಿ ಮಾರುತ್ತಿದ್ದ ಸೀರೆಯನ್ನು ತಂದಿದ್ದೇವೆ. ಬಾಳೆಗೆ ಸಾಧ್ಯವಾದದ್ದು ಅಡಿಕೆಗೆ ಯಾಕಾಗದು? ತಿಳಿದವರು ವಿವರಿಸಬೇಕು.

ಉತ್ತರ 1: ಕದಿರು, ಹೊಸೂರು

ನಾನು ಹಲವು ವರ್ಷ ನೂಲಿನ ಗಿರಣಿಯೊಂದರ ಪರೀಕ್ಷಾಲಯದಲ್ಲಿ ಕೆಲಸ ಮಾಡಿದವನು. ನಿಮ್ಮ ತಕಲಿಯೂ ತೂತಾದ ಪಾತ್ರೆಯೂ ಉತ್ತರವನ್ನು ಆಗಲೇ ಹೇಳಿಬಿಟ್ಟಿವೆ. ನಾನು ಕಾರಣವನ್ನಷ್ಟೇ ಸೇರಿಸುತ್ತೇನೆ.

ನಾರು ಗಟ್ಟಿಯಾಗಿದ್ದರೆ ಸಾಲದು, ಉದ್ದ, ನಯ ಮತ್ತು ಒಂದನ್ನೊಂದು ಹಿಡಿದುಕೊಳ್ಳುವ ಗುಣ ಇವು ಮೂರೂ ಇದ್ದರೆ ಮಾತ್ರ ಅದು ನೂಲಾಗುತ್ತದೆ. ಹತ್ತಿಯ ಎಳೆ ಉದ್ದದಲ್ಲಿ ಅಂಥ ದೊಡ್ಡದೇನಲ್ಲ, ಒಳ್ಳೆಯ ತಳಿಗಳಲ್ಲಿ ಸುಮಾರು 30 ಮಿಲಿಮೀಟರ್; ಆದರೆ ಅದರ ದಪ್ಪ 12ರಿಂದ 20 ಮೈಕ್ರಾನ್ ಮಾತ್ರ, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ. ಕಾಯಿ ಒಡೆದು ಒಣಗುವಾಗ ಆ ಟೊಳ್ಳು ಎಳೆ ಚಪ್ಪಟೆಯಾಗಿ ತಾನಾಗಿಯೇ ಹುರಿಗೊಳ್ಳುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ. ಈ ಸ್ವಾಭಾವಿಕ ತಿರುಚಿನಿಂದಲೇ ಪಕ್ಕಪಕ್ಕದ ಎಳೆಗಳು ಹೆಣೆದುಕೊಂಡು ನಿಲ್ಲುತ್ತವೆ. ನಿಮ್ಮೂರಿನ ಬೂರುಗದ ಹತ್ತಿಯನ್ನೇ ಪಕ್ಕದಲ್ಲಿಟ್ಟು ನೋಡಿ. ಅರಳೆಗಿಂತ ಹೊಳಪು, ಅರಳೆಗಿಂತ ಹಗುರ, ಆದರೂ ಅದು ದಿಂಬಿಗೆ ತುಂಬುವುದಕ್ಕಷ್ಟೇ ಬಂತು. ಆ ಎಳೆ ನುಣುಪಾದ ಮೇಣದ ಕೊಳವೆ, ಅದರಲ್ಲಿ ತಿರುಚೇ ಇಲ್ಲ. ಹುರಿ ಹಾಕಿದರೆ ಜಾರುತ್ತದೆ.

ಇನ್ನು ಅಡಿಕೆ. ಕಾಯಿಯೇ ನಾಲ್ಕೈದು ಸೆಂಟಿಮೀಟರ್ ಇರುವಾಗ ನಾರು ಅದಕ್ಕಿಂತ ಬಹಳ ಉದ್ದ ಬರಲಾರದು. ಉದ್ದ ಹತ್ತಿಗೆ ಸಮ ಎಂದು ಒಪ್ಪಿದರೂ ದಪ್ಪದಲ್ಲಿ ಸೋಲುತ್ತದೆ. 60ನೇ ನಂಬರಿನ ಹತ್ತಿ ನೂಲನ್ನು ಒಂದು ಗ್ರಾಮ್ ತೂಗಿ ಬಿಚ್ಚಿದರೆ ಸುಮಾರು ನೂರು ಮೀಟರ್ ಬರುತ್ತದೆ. ಆ ನೂಲನ್ನು ಅಡ್ಡಲಾಗಿ ಕತ್ತರಿಸಿದರೆ ಅರುವತ್ತರಷ್ಟು ಎಳೆಗಳು ಕಾಣುತ್ತವೆ. ಅಡಿಕೆಯ ಹೊರಪದರದ ಒರಟು ನಾರು ಒಂದೇ ಒಂದಿದ್ದರೂ ಆ ಇಡೀ ನೂಲಿಗಿಂತ ದಪ್ಪ. ದಪ್ಪವಾದದ್ದು ಬಾಗುವುದಿಲ್ಲ, ಬಾಗದ್ದು ಹುರಿಯನ್ನು ಹಿಡಿಯುವುದಿಲ್ಲ.

ಕಾಸ್ಟಿಕ್ಕಿನಲ್ಲಿ ಮುದ್ದೆಯಾದದ್ದೂ ಇದೇ ಕಥೆಯ ಮುಂದಿನ ಭಾಗ. ಹತ್ತಿಯ ಎಳೆ ಒಂದೇ ಜೀವಕೋಶ, ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಸೆಲ್ಯುಲೋಸ್, ಅಂದರೆ ಗಿಡಗಳ ಕೋಶದ ಗೋಡೆಯ ಮೂಲವಸ್ತು. ಅಡಿಕೆ, ತೆಂಗು, ಬಾಳೆ, ಸೆಣಬುಗಳಲ್ಲಿ ನಾವು ನಾರೆಂದು ಕರೆಯುವುದು ಬಹಳ ಗಿಡ್ಡ ಕೋಶಗಳನ್ನು ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ಎಂಬ ಅಂಟಿನಿಂದ ಕೂಡಿಸಿದ ಕಟ್ಟು. ಅಂಟನ್ನು ತೆಗೆದರೆ ಕಟ್ಟು ಬಿಚ್ಚುತ್ತದೆ. ಅಗಸೆ ನಾರಿನ ಕೋಶಗಳು 25ರಿಂದ 30 ಮಿಲಿಮೀಟರಿನವರೆಗೆ ಉದ್ದವಿರುವುದರಿಂದ ಅದನ್ನು ಎಷ್ಟು ಬಿಡಿಸಿದರೂ ನೂಲಬಹುದು, ಲಿನನ್ ನಯವಾಗುವುದು ಹಾಗೆ. ಸೆಣಬಿನ ಕೋಶ ಎರಡು ಮೂರು ಮಿಲಿಮೀಟರ್ ಮಾತ್ರ, ಬಿಡಿಸಲು ಹೋದರೆ ಕಾಗದದ ಹಿಟ್ಟಾಗುತ್ತದೆ. ನೀವು ಪಾತ್ರೆಯಲ್ಲಿ ತಯಾರಿಸಿದ್ದು ಅಂಥ ಹಿಟ್ಟನ್ನೇ.

ಬಾಳೆಗೆ ಇರುವ ಅನುಕೂಲವೆಂದರೆ ದಿಂಡಿನ ಹಾಳೆಯಿಂದ ಒಂದು ಮೀಟರಿಗೂ ಮೀರಿದ ನಾರು ಸಿಗುತ್ತದೆ. ಹುರಿ ಹಾಕುವ ಗೋಜಿಲ್ಲದೆ ತುದಿಗೆ ತುದಿ ಗಂಟು ಹಾಕಿಯೂ ನೇಯಬಹುದು; ಜಪಾನಿನ ಓಕಿನಾವಾದಲ್ಲಿ ಬಾಳೆನಾರಿನ ಬಟ್ಟೆಯನ್ನು ಹೀಗೆಯೇ ನೇಯುತ್ತಾರೆ. ಚೆನ್ನೈ ಬಳಿಯ ಅನಕಾಪುತ್ತೂರಿನ ನೇಕಾರರೂ ಬಾಳೆನಾರನ್ನು ಹತ್ತಿಯ ಜೊತೆ ಸೇರಿಸಿ ಸೀರೆ ನೇಯ್ದು ಹೆಸರಾಗಿದ್ದಾರೆ. ನಮ್ಮ ಕಡೆಯ ರೇಷ್ಮೆಗಂತೂ ನೂಲುವ ಕೆಲಸವೇ ಇಲ್ಲ: ಒಂದು ಗೂಡಿನಿಂದ 600 ಮೀಟರಿನಿಂದ ಸಾವಿರಕ್ಕೂ ಮೀರಿ ಒಂದೇ ಎಳೆ ಬಿಚ್ಚಿಬರುತ್ತದೆ, ಆದ್ದರಿಂದಲೇ ಆ ಕೆಲಸಕ್ಕೆ ನೂಲು ಬಿಚ್ಚಾಣಿಕೆ ಎಂದು ಹೆಸರು.

ಉತ್ತರ 2: ಕಂಬಳಿ, ಜತ್ತ (ಸಾಂಗ್ಲಿ ಜಿಲ್ಲೆ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ದಪ್ಪ ನಾರು ಬಟ್ಟೆಗೆ ಬಾರದು ಎಂಬಂತೆ ಓದುಗರಿಗೆ ತೋರಬಾರದು. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಮೆರಿನೋ ಎಂಬ ತಳಿಯ ಕುರಿಯ ನಯವಾದ ಉಣ್ಣೆಯ ಮುಂದೆ ಕೂದಲೆಂದೇ ಹೇಳಬೇಕು, ಅಷ್ಟು ಒರಟು. ಸ್ವೆಟರಿನ ಗಿರಣಿಯವರು ಅದನ್ನು ಮೂಸಿಯೂ ನೋಡುವುದಿಲ್ಲ. ಆದರೂ ನಮ್ಮ ಕುರುಬರ ಮನೆಗಳಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿಸಿದ ಆ ಉಣ್ಣೆಯನ್ನೇ ಕೈಯಲ್ಲಿ ನೂತು ಗುಣಿಮಗ್ಗದಲ್ಲಿ ನೇಯುತ್ತಾ ಬಂದಿದ್ದಾರೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರವಿದೆ, ಒಂದನ್ನೊಂದು ಕಚ್ಚುವ ಕೆಲಸವನ್ನು ಅದು ಮಾಡುತ್ತದೆ. ಕಂಬಳಿಯನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಕುಗ್ಗಿ ದಪ್ಪವಾಗುವುದೂ ಆ ಹುರುಪೆಗಳು ಬಿಡಿಸಲಾಗದಂತೆ ಸಿಕ್ಕಿಹಾಕಿಕೊಳ್ಳುವುದರಿಂದ.

ಕಂಬಳಿಯ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡಿದ ನೂಲಿನ ಮೇಲೆ ಹುಣಸೆ ಬೀಜದ ಸರಿಯನ್ನು (ಅಂಟುಗಂಜಿಯನ್ನು) ಬಳಿಯುತ್ತಾರೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುವುದು ಅದರಿಂದ; ಒರಟು ಎಳೆಯೂ ಆ ಸರಿಯೂ ಸೇರಿ ಮಳೆಹನಿ ಬೇಗ ಒಳಗಿಳಿಯದಂತೆ ತಡೆಯುತ್ತವೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆ ಎನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಕುರಿ ಹಿಂಡಿನ ಜೊತೆ ಬಯಲಿನಲ್ಲಿ ಮಲಗುವವನಿಗೆ ಮೆರಿನೋ ಶಾಲು ಕೊಟ್ಟರೆ ಏನು ಮಾಡುತ್ತಾನೆ? ಅಡಿಕೆ ನಾರಿಗೂ ಅದರ ಒರಟುತನವೇ ಬೇಕಾದ ಒಂದು ಕೆಲಸವನ್ನು ಹುಡುಕಬೇಕು, ಸೀರೆಯನ್ನಲ್ಲ.

ಉತ್ತರ 3: ಲಾಳಿ, ಕಾಸರಗೋಡು

ನಾವು ಮಗ್ಗದ ಮನೆಯವರು. ಇಲ್ಲಿಯ ನೇಕಾರರ ಸಹಕಾರ ಸಂಘ 1938ರಲ್ಲಿ ಆರಂಭವಾದದ್ದು, ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಅರಳೆ ಬೆಳೆಯದ ಊರಿನಲ್ಲಿ ಹತ್ತಿ ಸೀರೆ ಹೆಸರಾದದ್ದು ಹೇಗೆ ಎಂದು ಹಲವರು ಕೇಳುತ್ತಾರೆ. ನೂಲು ಹೊರಗಿನಿಂದ ಬರುತ್ತದೆ ನಿಜ, ಆದರೆ ಇಲ್ಲಿಯ ಗಾಳಿ ನಮ್ಮದು. ಹತ್ತಿ ಒದ್ದೆಯಾದಾಗ ಬಲ ಕಳೆದುಕೊಳ್ಳುವುದಿಲ್ಲ, ಹೆಚ್ಚಿಸಿಕೊಳ್ಳುತ್ತದೆ. ಒಣಹವೆಯಲ್ಲಿ ಹಾಸಿನ ಸಣ್ಣ ನೂಲು ಪಟಪಟನೆ ಕಡಿಯುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದೇ ನೂಲು ಬಾಗಿ ಬಳುಕುತ್ತದೆ. ಹಾಗೆಂದು ಆಟಿ ತಿಂಗಳ ಮಳೆ ನಮಗೆ ಹಬ್ಬವೇನಲ್ಲ, ಗಂಜಿ ಹಾಕಿದ ಹಾಸು ಒಣಗುವುದೇ ಇಲ್ಲ.

ಗಂಜಿಯ ಮಾತು ಬಂದದ್ದರಿಂದ ವಿಷಯಕ್ಕೆ ಸ್ವಲ್ಪ ಹೊರಗಿನದೊಂದನ್ನು ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಹತ್ತಿ ಸೀರೆಗೆ ಬೂಸು ಹಿಡಿಯಿತು ಎಂದು ದೂರುವವರು ಹೆಚ್ಚಾಗಿ ಗಂಜಿ ಹಾಕಿಯೇ ಮಡಚಿಟ್ಟಿರುತ್ತಾರೆ. ಬೂಸಿಗೆ ಮೊದಲ ಊಟ ಆ ಗಂಜಿ. ಜೂನಿಗೆ ಮೊದಲು ಗಂಜಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಇಡಿ.

ಪ್ರಶ್ನೆ ಕೇಳಿದವರ ಬಾಳೆನಾರಿನ ಸೀರೆಯ ಬಗ್ಗೆ ನನಗೆ ಅನುಮಾನವಿದೆ. ಆ ಹೆಸರಿನಲ್ಲಿ ವಿಸ್ಕೋಸ್, ಅಂದರೆ ಮರದ ತಿರುಳನ್ನು ಕರಗಿಸಿ ಕಾರ್ಖಾನೆಯಲ್ಲಿ ಮಾಡುವ ನೂಲು, ಮಾರುವವರು ಬಹಳ. ಸುಟ್ಟು ನೋಡಿ ಪ್ರಯೋಜನವಿಲ್ಲ: ಬಾಳೆ, ಹತ್ತಿ, ವಿಸ್ಕೋಸ್ ಮೂರೂ ಸೆಲ್ಯುಲೋಸ್ ಆದ್ದರಿಂದ ಮೂರಕ್ಕೂ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಸುಡುವ ಪರೀಕ್ಷೆ ರೇಷ್ಮೆ, ಉಣ್ಣೆಗಳನ್ನು ಕೂದಲು ಸುಟ್ಟ ವಾಸನೆಯಿಂದಲೂ, ಪಾಲಿಯೆಸ್ಟರನ್ನು ಕರಗಿದ ಗಟ್ಟಿ ಮಣಿಯಿಂದಲೂ ಗುರುತಿಸುವುದಕ್ಕೆ ಸಾಕು, ಅದರಿಂದಾಚೆಗಲ್ಲ. ಅದರ ಬದಲು ಸೆರಗಿನ ತುದಿಯಿಂದ ಒಂದು ಗೇಣು ಎಳೆ ತೆಗೆದು, ಮಧ್ಯದಲ್ಲಿ ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಎರಡೂ ತುದಿ ಹಿಡಿದು ಎಳೆಯಿರಿ. ವಿಸ್ಕೋಸ್ ಒದ್ದೆಯಾದರೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ, ಒದ್ದೆಯಾದ ಜಾಗದಲ್ಲೇ ಕಡಿಯುತ್ತದೆ. ಹತ್ತಿಯಾದರೆ ಒಣಗಿದ ಕಡೆ ಕಡಿಯುತ್ತದೆ.

ಮತ್ತೆ: ಕದಿರು, ಹೊಸೂರು

ಜತ್ತದವರು ಹೇಳಿದ್ದು ಸರಿ, ನಾನು ಗಿರಣಿಯ ಕಣ್ಣಿನಿಂದಲೇ ನೋಡಿದೆ. ನೂಲದೆ, ನೇಯದೆ ಬಟ್ಟೆ ಮಾಡುವ ವಿಧಾನವೂ ಇದೆ: ನಾರನ್ನು ಹಾಸಿ, ಮುಳ್ಳಿನಂಥ ಕಚ್ಚುಗಳಿರುವ ಸಾವಿರಾರು ಸೂಜಿಗಳಿಂದ ಚುಚ್ಚಿ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸುತ್ತಾರೆ. ತೆಂಗಿನ ನಾರಿನ ದಪ್ಪ ಹಾಳೆಗಳನ್ನು ಹೀಗೆ ತಯಾರಿಸುತ್ತಾರೆ. ಅಡಿಕೆ ನಾರು ಗಿಡ್ಡವಾದ್ದರಿಂದ ಒಂದೇ ಹಾಕಿದರೆ ಉದುರೀತು. ತೆಂಗಿನ ನಾರಿನೊಂದಿಗೆ ಬೆರೆಸಬೇಕು, ಇಲ್ಲವೇ ರಬ್ಬರಿನ ಹಾಲು ಸಿಂಪಡಿಸಿ ಅಂಟಿಸಬೇಕು. ರಬ್ಬರೂ ತೆಂಗೂ ನಿಮ್ಮ ಜಿಲ್ಲೆಯಲ್ಲೇ ಇವೆ. ಹಾಸಿಗೆಯ ತುಂಬು, ಗಿಡದ ಬುಡಕ್ಕೆ ಹಾಸುವ ಚಾಪೆ, ಗುಡ್ಡದ ಮಣ್ಣು ಜಾರದಂತೆ ಹೊದೆಸುವ ಹಾಸು ಇಂಥವುಗಳಿಗೆ ಬೇಗ ಕೊಳೆಯದ ಗುಣವೇ ಬೇಕು. ಆ ಗುಣ ಬರುವುದು ಲಿಗ್ನಿನ್ನಿನಿಂದ, ಅದನ್ನು ತೆಗೆಯಲೆಂದೇ ನೀವು ಪಾತ್ರೆ ಕಳೆದುಕೊಂಡಿರಿ. ಇನ್ನು ಮುಂದೆ ಕಾಸ್ಟಿಕ್ ಮುಟ್ಟಲೇಬೇಕೆಂದಿದ್ದರೆ ಸ್ಟೀಲ್ ಪಾತ್ರೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಮತ್ತೆ: ತೋಟಿಗ, ಬದಿಯಡ್ಕ

ಎಲ್ಲರಿಗೂ ಕೃತಜ್ಞತೆಗಳು. ಸೀರೆಯ ಪರೀಕ್ಷೆಯನ್ನು ನಿನ್ನೆ ರಾತ್ರಿ ಮನೆಯವಳೇ ಮಾಡಿದಳು. ಒಡಲಿನ ಹೊಕ್ಕಿನಿಂದ (ಅಡ್ಡ ನೂಲಿನಿಂದ) ತೆಗೆದ ಐದು ಎಳೆಗಳಲ್ಲಿ ಐದೂ ಒದ್ದೆಯಾದಲ್ಲೇ ತುಂಡಾದವು. ಸೆರಗಿನಲ್ಲಿ ಮಾತ್ರ ಅಂಗುಲಕ್ಕೊಂದರಂತೆ ಬಿರುಸಾದ, ತುಸು ಹಳದಿ ಬಣ್ಣದ ಎಳೆ ಇತ್ತು; ಅದನ್ನು ಎಷ್ಟು ಒದ್ದೆ ಮಾಡಿದರೂ ಕಡಿಯಲಾಗಲಿಲ್ಲ, ಗೇಣಿಗೊಂದು ಗಂಟೂ ಸಿಕ್ಕಿತು. ಬಾಳೆ ಇರುವುದು ಅಷ್ಟೇ ಜಾಗದಲ್ಲಿ ಎಂದು ತಿಳಿಯುತ್ತೇನೆ. ಈ ವಾರ ಬೂರುಗದ ದಿಂಬೊಂದನ್ನು ಬಿಚ್ಚಿ, ಒಳಗೆ ಅರ್ಧಕ್ಕೆ ಬಾಚಿದ ಅಡಿಕೆ ನಾರನ್ನು ತುಂಬಿ ನೋಡುವವನಿದ್ದೇನೆ. ದಿಂಬು ನನ್ನದೇ ಆಗಿರಬೇಕೆಂಬ ಷರತ್ತನ್ನು ಒಪ್ಪಿಯಾಗಿದೆ.