ಮಂಗನ ಕಾಯಿಲೆ ಸಂಶೋಧನೆ: ನಮ್ಮ ಕಡೆಯ ಖರ್ಚಿಗೆ ದುಡ್ಡು ಎಲ್ಲಿಂದ?

ಕಾಡಂಚಿನವ:
ನಾನು ಸಾಗರ ತಾಲ್ಲೂಕಿನಲ್ಲಿ ಆರೋಗ್ಯ ನಿರೀಕ್ಷಕ. ಒಂದು ವಿಶ್ವವಿದ್ಯಾಲಯದವರು ಮಂಗನ ಕಾಯಿಲೆ ಬಗ್ಗೆ ಜಂಟಿ ಸಂಶೋಧನೆಗೆ ಕರೆದಿದ್ದಾರೆ. ಹಿಂದೊಮ್ಮೆ ಬೇರೆ ತಂಡ ಬಂದಿತ್ತು. ಬಿಳಿ ಬಟ್ಟೆ ಎಳೆದು ಈ ಕಾಯಿಲೆ ಹರಡುವ ಉಣುಗು ಹಿಡಿಯಲು ದಾರಿ ತೋರಿಸಿದವರು ನಮ್ಮ ಆಶಾ ಕಾರ್ಯಕರ್ತೆಯರು. ಜೀಪಿನ ಡೀಸೆಲ್ ಕೂಡ ನಮ್ಮದೇ. ವರದಿ ಮಾತ್ರ ನಮ್ಮ ಕೈಗೆ ಬರಲೇ ಇಲ್ಲ. ಈ ಸಲ ಅನುದಾನದಲ್ಲಿ ನಮ್ಮ ಪಾಲು ಕೇಳಬಹುದಾ?

ನಿವೃತ್ತ ಮೇಷ್ಟ್ರು:
ಖಂಡಿತ ಕೇಳಿ. ಆದರೆ ಅರ್ಜಿ ಹೋಗುವ ಮೊದಲೇ ಕೇಳಿ. ಹಣ ಮಂಜೂರಾದ ಮೇಲೆ ಬಜೆಟ್ ಬದಲಿಸುವುದು ಬಹಳ ಕಷ್ಟ. ಆಶಾ ಕಾರ್ಯಕರ್ತೆಯರ ದಿನಭತ್ಯೆ, ಡೀಸೆಲ್, ಮಾದರಿ ಸಾಗಿಸುವ ಐಸ್ ಪೆಟ್ಟಿಗೆ, ಎಲ್ಲ ಬರೆಸಿ. ನಿಮ್ಮ ವೈದ್ಯಾಧಿಕಾರಿಗಳ ಹೆಸರು ಸಹ ಸಂಶೋಧಕರಾಗಿ ಇರಲಿ. ಸುಮ್ನೆ ‘ಸಹಕಾರ ನೀಡುತ್ತೇವೆ’ ಅಂತ ಪತ್ರ ಕೊಟ್ಟರೆ ಮತ್ತೆ ಅದೇ ಕಥೆ.

ಬೆಂಗಳೂರು ಹುಡುಗಿ:
‘ಮಂಕಿ ಫೀವರ್ ರಿಸ್ಕ್’ ಯೋಜನೆ ನೋಡಿ ಸರ್. ದುಡ್ಡು ಬ್ರಿಟನ್ನಿನ ಸಂಶೋಧನಾ ನಿಧಿಯದು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯಂಥವರ ಜೊತೆ ರಾಜ್ಯದ ಆರೋಗ್ಯ ಇಲಾಖೆಯೂ ಪಾಲುದಾರ ಆಗಿತ್ತು. ಎಲ್ಲಿ ಅಪಾಯ ಜಾಸ್ತಿ ಅಂತ ನಕ್ಷೆಯನ್ನೂ ಮಾಡಿದರು. ನಿಮಗೆ ಬೇಕಾದ್ದು ಅಂಥದ್ದೇ ಅಲ್ವಾ?

ಕಾಡಂಚಿನವ:
ಹೌದು, ಅದೇ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಇದು. ಹಳೆ ಲಸಿಕೆ 2022ರಲ್ಲಿ ನಿಂತಿತು. ಕಾಡಿಗೆ ದರಗು (ಒಣ ಎಲೆ) ತರಲು ಹೋಗುವವರ ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಸಿ ಕಳಿಸುವಾಗ ಪ್ರತಿ ಸಲ ಎದೆ ಭಾರವಾಗುತ್ತದೆ. ಮೇಷ್ಟ್ರೇ, ಇವತ್ತೇ ಖರ್ಚಿನ ಪಟ್ಟಿ ಬರೆಯುತ್ತೇನೆ. ವರದಿ ಕನ್ನಡದಲ್ಲೂ ಬೇಕು ಅಂತ ಸೇರಿಸುತ್ತೇನೆ.