ಪದ ಬೇಕು: ಸಬ್ಸಿಡಿಯಾರಿಟಿಗೆ ‘ಒತ್ತಾಸೆ ತತ್ವ’ ಆದೀತಾ?

ಚರ್ಚಿನ ಸಾಮಾಜಿಕ ಬೋಧನೆಯ ‘ಸಬ್ಸಿಡಿಯಾರಿಟಿ’ ಅನ್ನೋ ತತ್ವಕ್ಕೆ ಕನ್ನಡ ಪದ ಕೇಳಿದ್ದೆ. ನಿನ್ನೆ ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಯುವಕರಿಗೆ ಎಐ ಮತ್ತು ಚರ್ಚಿನ ಸಾಮಾಜಿಕ ಬೋಧನೆ ಬಗ್ಗೆ ಮಾತುಕತೆ ಇದೆ. ಫ್ಲೆಕ್ಸ್ ಇವತ್ತು ಸಂಜೆ ಆರಕ್ಕೆ ಪ್ರಿಂಟಿಗೆ ಹೋಗಬೇಕು.

‘ಅಧೀನತೆ’ ಸುತರಾಂ ಬೇಡ. ಅರ್ಥವೇ ತಲೆಕೆಳಗಾಗುತ್ತದೆ. 1931ರಲ್ಲಿ ಹನ್ನೊಂದನೇ ಪಿಯುಸ್ ಪೋಪ್ ಹೇಳಿದ್ದು, ಕೆಳಗಿನವರು ತಾವೇ ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಅಂತ. ಕೈಲಾಗದಿದ್ದಾಗ ನೆರವಾಗಬೇಕು, ಅಷ್ಟೇ. ‘ಪೂರಕತೆ’ ಸಪ್ಪೆ. ಟಾನಿಕ್ ಬಾಟಲಿ ಮೇಲಿನ ಪದ.

‘ಸಬ್ಸಿಡಿಯಾರಿಟಿ ಅಂತಲೇ ಬರೆಯಿರಿ, ಎರವಲು ತಪ್ಪಲ್ಲ’ ಅಂದವರಿಗೆ ಒಂದು ಮಾತು. ಎರವಲಿಗೆ ನನ್ನ ತಕರಾರಿಲ್ಲ. ಪಾದ್ರಿ, ಇಗರ್ಜಿ ಪೋರ್ಚುಗೀಸಿನಿಂದ ಬಂದು ನಮ್ಮವೇ ಆಗಿವೆ. ಆದರೆ ‘ಸಬ್ಸಿಡಿಯಾರಿಟಿ’ ಅಂತ ಓದಿದ ಫ್ಲೆಕ್ಸ್ ಅಂಗಡಿ ಹುಡುಗ ಅದನ್ನು ಸಬ್ಸಿಡಿ ಅಂದುಕೊಂಡು ತಕ್ಷಣ ಕೇಳಿದ್ದು, ‘ಡ್ರಿಪ್‌ಗಾ ಸರ್, ಟ್ರ್ಯಾಕ್ಟರ್‌ಗಾ?’ ಸಬ್ಸಿಡಿ, ಸಬ್ಸಿಡಿಯಾರಿಟಿ ಎರಡೂ ಪದದ ಬೇರು ಒಂದೇ, ಲ್ಯಾಟಿನ್ನಿನ ‘ಸಬ್ಸಿಡಿಯುಂ’. ಅಗತ್ಯ ಬಿದ್ದರೆ ಬರಲೆಂದು ಹಿಂದೆ ಕಾದಿಟ್ಟ ಮೀಸಲು ಪಡೆ ಅಂತ ಅದರ ಹಳೆಯ ಅರ್ಥ. ಆದರೆ ಇಲ್ಲಿ ಸಬ್ಸಿಡಿ ಅಂದರೆ ದುಡ್ಡು, ಬೇರೇನೂ ಅಲ್ಲ.

ಅದಕ್ಕೇ ‘ಒತ್ತಾಸೆ’, ಅಂದರೆ ಆಸರೆ. ನಮ್ಮ ಕಂಪ್ಲಿ ಕಡೆ ಗೊನೆ ಭಾರಕ್ಕೆ ಬಾಳೆ ವಾಲಿದರೆ ಕವೆಗೋಲು ಕೊಡ್ತೀವಿ. ಕೋಲು ಪಕ್ಕಕ್ಕೆ ನಿಂತು ತಡೆಯುತ್ತದೆ. ಗೊನೆ ಬಿಡೋದು ಬಾಳೆಯೇ ಅಲ್ವಾ? ಎಐ ವಿಷಯದಲ್ಲಿ ನಾನು ಹೇಳಬೇಕಾಗಿರೋದೂ ಇದನ್ನೇ. ಮಗುವಿನ ಮುಖ ನೋಡಿ ಮೇಷ್ಟ್ರು ತೀರ್ಮಾನಿಸುವುದನ್ನು ದೂರದ ಸರ್ವರ್ ತೀರ್ಮಾನಿಸಬಾರದು. 2025ರ ಜನವರಿಯಲ್ಲಿ ವ್ಯಾಟಿಕನ್ ಎಐ ಬಗ್ಗೆ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಟಿಪ್ಪಣಿಯೂ ಈ ತತ್ವವನ್ನೇ ಹಿಡಿದು ಮಾತಾಡುತ್ತದೆ. ಬಳಸುವವರು, ಮನೆಯವರು, ಕಂಪನಿ, ಸರ್ಕಾರ ಎಲ್ಲರೂ ತಂತಮ್ಮ ಮಟ್ಟದಲ್ಲಿ ಹೊಣೆ ಹೊರಬೇಕು ಅನ್ನುತ್ತದೆ.

‘ಒತ್ತಾಸೆ ತತ್ವ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಸಮಾಸ ಅಂತ ಒಬ್ಬರು ಆಗಲೇ ಗದರಿದ್ದಾರೆ. ‘ಮಳೆಗಾಲ’ವೂ ಅಂಥದ್ದೇ, ಅದನ್ನು ಅನ್ನದೆ ಯಾವ ರೈತ ಮಾತಾಡ್ತಾನೆ ಸ್ವಾಮಿ? ತತ್ವ ಬೇಡವಾದರೆ ‘ಒತ್ತಾಸೆ ನೆಲೆ’ ಅನ್ನಿ. ನನಗೆ ಅದು ಊರಿನ ಹೆಸರಿನ ಹಾಗೆ ಕೇಳಿಸುತ್ತದೆ.

ಇದಕ್ಕಿಂತ ಒಳ್ಳೆಯ ಪದ ಇದ್ದರೆ ಐದೂವರೆಯೊಳಗೆ ಕಳಿಸಿ. ಸುಮ್ನೆ ‘ಸರಿಯಿಲ್ಲ’ ಅಂತ ಮಾತ್ರ ಬರೆಯಬೇಡಿ.